ಹುಳುಗಳನ್ನು ಕೊಲ್ಲುವ ಬೂಷ್ಟುಗಳು: ಗುರುತು ತಿಳಿಯದೆ ಉಪಯೋಗಿಸತಕ್ಕದ್ದಲ್ಲ

ಪೈರಿಗೆ ರೋಗವುಂಟೆಂಬುದನ್ನು ಬೇಸಾಯಗಾರರೆಲ್ಲರೂ ಬಲ್ಲರು. ಪೈರನ್ನು ತಿನ್ನುವ ಹುಳುವಿಗೂ ರೋಗವುಂಟೆಂಬುದನ್ನು ಬಲ್ಲವರು ಅಷ್ಟು ಮಂದಿ ಇಲ್ಲ. ಮಳೆಗಾಲದ ತೇವದಲ್ಲಿ ಶೇಂಗಾ ಅಥವಾ ಸೋಯಾ ಅವರೆಯ ಹೊಲವನ್ನು ಹೊಕ್ಕು ನೋಡಿದರೆ, ಎಲೆಯನ್ನು ಹಿಡಿದುಕೊಂಡೇ ಸತ್ತು ಸೆಟೆದು, ಮೈಗೆ ತಿಳಿಹಸುರಿನ ಹಿಟ್ಟನ್ನು ಬಳಿದಂತಿರುವ ಹುಳುಗಳು ಕೆಲವು ಕಾಣಸಿಗುವುದುಂಟು. ಇವು ಶಾಸ್ತ್ರಜ್ಞರು ಶಿಲೀಂಧ್ರವೆಂದು ಕರೆಯುವ ಬೂಷ್ಟಿಗೆ ಆಹಾರವಾದ ಹುಳುಗಳು. ಇಂಥ ಬೂಷ್ಟುಗಳನ್ನೇ ಬೆಳೆಯಿಸಿ, ಪುಡಿಯಾಗಿಯೂ ದ್ರವವಾಗಿಯೂ ಮಾರುವ ಪದ್ಧತಿಯು ಈಗ ಹಳ್ಳಿಯ ಅಂಗಡಿಗಳಿಗೂ ಬಂದಿದೆ. ಗುರುತು ತಿಳಿದಲ್ಲದೆ ಇವುಗಳಲ್ಲಿ ಯಾವುದನ್ನೂ ಹೊಲಕ್ಕೆ ಹಾಕಬಾರದೆಂಬುದೂ, ಗುರುತಿಸುವ ಅನುಕೂಲವು ಹೋಬಳಿಯಲ್ಲಿಯೇ ದೊರೆಯಬೇಕೆಂಬುದೂ ಈ ಲೇಖನದ ಅಭಿಪ್ರಾಯ.

ಮೊದಲು ಇದರ ಕೆಲಸದ ರೀತಿಯನ್ನು ತಿಳಿಯುವುದು ಅವಶ್ಯ. ಸಾಮಾನ್ಯ ಕೀಟವಿಷಗಳಲ್ಲಿ ಕೆಲವು ಹುಳುವಿನ ಹೊಟ್ಟೆಗೆ ಹೋಗಬೇಕು. ಬೂಷ್ಟಿಗೆ ಅದು ಬೇಡ. ಅದರ ಬೀಜಕಣವು ಹುಳುವಿನ ಮೈಗೆ ಅಂಟಿಕೊಂಡು, ತೇವವಿದ್ದಲ್ಲಿ ಮೊಳೆತು, ಹೊರಚರ್ಮವನ್ನು ಕರಗಿಸಿ ತೂರಿಕೊಂಡು ಒಳಕ್ಕೆ ಇಳಿಯುವುದು. ಒಳಗೆ ರಕ್ತದಲ್ಲಿ ಬೆಳೆದು ಕೆಲವು ದಿನಗಳಲ್ಲಿ ಹುಳುವನ್ನು ಕೊಲ್ಲುವುದು. ಸತ್ತ ಮೇಲೆ ಗಾಳಿಯಲ್ಲಿ ತೇವವಿದ್ದರೆ ಮತ್ತೆ ಹೊರಕ್ಕೆ ಬಂದು ಮೈಮೇಲೆ ಲಕ್ಷಾಂತರ ಬೀಜಕಣಗಳನ್ನು ಕಟ್ಟುವುದು. ಗಾಳಿಯೂ ಮಳೆಯ ಹನಿಯೂ ಅವನ್ನು ಇತರ ಹುಳುಗಳಿಗೆ ಮುಟ್ಟಿಸುವುವು. ಆದುದರಿಂದ ಇದು ಜೀವವಿರುವ ವಸ್ತು. ಇದಕ್ಕೆ ಮಿತ್ರರಾರು, ಶತ್ರುಗಳಾರು ಎಂಬ ವಿವೇಕವಿಲ್ಲ.

ಈ ಮಾತಿನ ಭಾರವನ್ನು ರೇಷ್ಮೆ ಸಾಕುವ ಗ್ರಾಮಗಳವರು ಎಲ್ಲರಿಗಿಂತ ಚೆನ್ನಾಗಿ ಅರಿಯಬೇಕು. ಅವರು ಸುಣ್ಣಕಟ್ಟು ಎಂದು ಕರೆಯುವ ರೋಗದಲ್ಲಿ ರೇಷ್ಮೆಹುಳುವು ಗಟ್ಟಿಯಾಗಿ ಸತ್ತು ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗಾಗುವುದಷ್ಟೆ. ಇಟಲಿ ದೇಶದ ಅಗೋಸ್ಟಿನೋ ಬಾಸ್ಸಿ ಎಂಬ ವಿದ್ವಾಂಸನು ಈ ರೋಗವು ಹುಳುವಿನಿಂದ ಹುಳುವಿಗೆ ಅಂಟುವ ಒಂದು ಬೂಷ್ಟಿನಿಂದ ಬರುವುದೆಂದು ೧೮೩೫ರಲ್ಲಿ ಪ್ರಕಟಿಸಿದನು. ಕಣ್ಣಿಗೆ ಕಾಣದ ಜೀವಿಯಿಂದ ಪ್ರಾಣಿಗಳಿಗೆ ರೋಗ ಬರುವುದೆಂದು ಸಿದ್ಧಪಡಿಸಿದ ಮೊದಲ ಕೆಲಸಗಳಲ್ಲಿ ಇದೊಂದು. ಆ ಬೂಷ್ಟಿಗೆ ಅವನ ಹೆಸರೇ ಸೇರಿ ಈಗ ಬ್ಯುವೇರಿಯ ಬ್ಯಾಸಿಯಾನ ಎಂದು ಕರೆಯುತ್ತಾರೆ. ಅಂಗಡಿಯಲ್ಲಿ ಕಾಯಿಕೊರಕ ಮೊದಲಾದ ಹುಳುಗಳಿಗೆಂದು ಮಾರುವ ಬಿಳಿಯ ಬೂಷ್ಟೂ ಇದೇ. ಒಬ್ಬನ ತೊಗರಿಯ ಹೊಲಕ್ಕೆ ಸಹಾಯವಾಗುವುದು ನೆರೆಯವನ ಹುಳುಮನೆಗೆ ಹಾನಿಯಾಗುವುದು ಅಸಂಭವವಲ್ಲ. ಹಿಪ್ಪುನೇರಳೆ ತೋಟಗಳ ಸಮೀಪದಲ್ಲಿ ಇದನ್ನು ಸಿಂಪಡಿಸಬಾರದೆಂಬ ಎಚ್ಚರಿಕೆಯ ಕಾರಣ ಇದು. ಹಸುರು ಬಣ್ಣದ ಬೂಷ್ಟುಗಳಿಂದಲೂ ರೇಷ್ಮೆಹುಳುವಿಗೆ ಸುಣ್ಣಕಟ್ಟು ಬರುವುದರಿಂದ, ಬಿಳಿಯದನ್ನು ಬಿಟ್ಟು ಹಸುರನ್ನು ಹಾಕಿದೆವೆಂದು ನಿಶ್ಚಿಂತರಾಗಿರುವಂತೆಯೂ ಇಲ್ಲ.

ಹಸುರು ಬೂಷ್ಟುಗಳಲ್ಲಿ ಮುಖ್ಯವಾದುದು ಮೆಟರೈಜಿಯಂ. ಇದನ್ನು ೧೮೭೯ರಲ್ಲಿ ರಷ್ಯಾ ದೇಶದ ಮೆಚ್ನಿಕಾಫ್ ಎಂಬ ಪಂಡಿತನು ಒಡೆಸ್ಸಾ ಪ್ರಾಂತದಲ್ಲಿ ಗೋಧಿಯನ್ನು ಕೆಡಿಸುವ ದುಂಬಿಯ ಮೇಲೆ ಕಂಡು ವಿವರಿಸಿದನು. ಬಹುಕಾಲ ಇದೆಲ್ಲವೂ ಹೆಚ್ಚುಕಡಿಮೆ ಒಂದೇ ಜಾತಿಯೆಂದು ಎಣಿಸಿದ್ದರು. ವಂಶವಾಹಿಗಳನ್ನು ಹೋಲಿಸಿ ನೋಡಿದ ಮೇಲೆ ೨೦೦೯ರಲ್ಲಿ ಇದನ್ನು ಒಂಬತ್ತು ಜಾತಿಗಳಾಗಿ ವಿಂಗಡಿಸಿದರು. ಇದು ಪಂಡಿತರ ವಿನೋದವಲ್ಲ. ಈ ಗುಂಪಿನಲ್ಲಿ ಒಂದು ಜಾತಿಯು ಮಿಡತೆಗಳಿಗೇ ಮೀಸಲಾದುದು. ಇನ್ನೊಂದು ತೆಂಗಿನ ಸುಳಿಯನ್ನು ಕೊರೆಯುವ ಕುರುವಾಯಿ ದುಂಬಿಯ ಮರಿಗಳ ಮೇಲೆ ವಿಶೇಷವಾಗಿ ಬಲವುಳ್ಳದ್ದು. ಮಿಡತೆಯದನ್ನು ತಂದು ತಿಪ್ಪೆಗುಂಡಿಯ ಕುರುವಾಯಿಗೆ ಹಾಕಿದರೆ ಹಣವು ತಿಪ್ಪೆಗೆ ಹೋದಂತೆಯೇ. ಬಣ್ಣವು ಒಂದೇ ಆದುದರಿಂದ ಗುಣವೂ ಒಂದೇ ಎಂದು ನಂಬಲಾಗದು.

ಹೊಲದಲ್ಲಿ ಬರಿಯ ಕಣ್ಣಿನಿಂದ ತಿಳಿಯಬಹುದಾದ ಗುರುತುಗಳು ಕೆಲವುಂಟು. ಬೂಷ್ಟಿನಿಂದ ಸತ್ತ ಹುಳುವು ಆಕಾರ ಕೆಡದೆ ಒಣಗಿ ಗಟ್ಟಿಯಾಗಿರುವುದು, ಮುರಿದರೆ ಪುಡಿಯಾಗುವುದು, ದುರ್ವಾಸನೆ ಸಾಧಾರಣವಾಗಿ ಇರದು. ಇದಕ್ಕೆ ಬದಲಾಗಿ ಮೈ ಮೆತ್ತಗಾಗಿ, ಕಪ್ಪಾಗಿ, ತಲೆಕೆಳಗಾಗಿ ಜೋತು, ಮುಟ್ಟಿದರೆ ನೀರು ಸುರಿಯುವಂತಿದ್ದರೆ ಅದು ವೈರಸ್ ರೋಗವೆಂದು ಎಣಿಸಬಹುದು. ಮೈಮೇಲೆ ಬಿಳಿಯ ಹಿಟ್ಟು ದಟ್ಟವಾಗಿದ್ದರೆ ಬ್ಯುವೇರಿಯ. ಮೊದಲು ಬಿಳುಪಾಗಿದ್ದು ಆಮೇಲೆ ಗಾಢ ಹಸುರಿಗೆ ತಿರುಗಿದರೆ ಮೆಟರೈಜಿಯಂ. ಎಲೆ ತಿನ್ನುವ ಹುಳುಗಳ ಮೇಲೆ ತಿಳಿಹಸುರಾಗಿದ್ದರೆ ಹಿಂದೆ ನೊಮುರಿಯ ಎನಿಸಿಕೊಂಡ ಬೂಷ್ಟು ಎಂದು ಊಹಿಸಬಹುದು. ಕಾಫಿ ಗಿಡದ ಹಸುರು ಶಲ್ಕಕೀಟದ ಸುತ್ತಲೂ ಬಿಳಿಯ ಪರಿವೇಷವು ಕಾಣಿಸಿದರೆ ಅದು ಲೆಕಾನಿ ಎಂಬ ಬೂಷ್ಟು. ನೊಣವು ಕಡ್ಡಿಯ ತುದಿಯನ್ನು ಕಚ್ಚಿಹಿಡಿದಂತೆ ಸತ್ತು, ರೆಕ್ಕೆಗಳನ್ನು ಮೇಲೆತ್ತಿಕೊಂಡಿದ್ದರೆ ಅದನ್ನು ಕೊಂದುದು ಎಂಟೊಮಾಫ್ತೊರ ಎಂಬ ಬೇರೆಯೇ ಗುಂಪಿನ ಬೂಷ್ಟು. ಇದು ತನ್ನ ಬೀಜಕಣಗಳನ್ನು ಕವಣೆಕಲ್ಲಿನಂತೆ ಸಿಡಿಸುವುದು.

ಇವೆಲ್ಲವೂ ಊಹೆಗೆ ಆಧಾರಗಳೇ ಹೊರತು ನಿರ್ಣಯವಲ್ಲ. ಬೇರೆ ಕಾರಣದಿಂದ ಸತ್ತ ಹುಳುವಿನ ಮೇಲೆಯೂ, ರೊಟ್ಟಿಯ ಮೇಲೆ ಬೆಳೆಯುವಂತೆ, ಸಾಮಾನ್ಯವಾದ ಹಸುರು ಬೂಷ್ಟು ಬೆಳೆಯುವುದುಂಟು. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಮಾತ್ರ ಭೇದವು ತಿಳಿಯುವುದು. ಬ್ಯುವೇರಿಯದ ಗುಂಡುಕಣಗಳು ಹಾವಿನ ನಡೆಯಂತೆ ಅಂಕುಡೊಂಕಾದ ಎಳೆಯ ಮೇಲೆ ಗೊಂಚಲಾಗಿರುವುವು; ಮೆಟರೈಜಿಯಂನ ಉದ್ದನೆಯ ಕಣಗಳು ಸರಪಣಿಯಂತೆ ಸಾಲುಗಟ್ಟಿರುವುವು; ಲೆಕಾನಿಯವು ಅಂಟಿನ ಮುದ್ದೆಯಾಗಿರುವುವು. ಇನ್ನು ಜಾತಿಯ ಒಳಭೇದಕ್ಕೆ ವಂಶವಾಹಿಯ ಪರೀಕ್ಷೆಯೇ ಬೇಕು.

ಹೆಸರುಗಳ ತೊಡಕೂ ಸ್ವಲ್ಪವಲ್ಲ. ಒಂದೇ ಬೂಷ್ಟಿಗೆ ಅದರ ಎರಡು ಅವಸ್ಥೆಗಳಲ್ಲಿ ಎರಡು ಹೆಸರುಗಳಿರುವ ಪದ್ಧತಿಯು ಹಿಂದೆ ಇತ್ತು. ಒಂದು ಶಿಲೀಂಧ್ರಕ್ಕೆ ಒಂದೇ ಹೆಸರೆಂದು ೨೦೧೧ರಲ್ಲಿ ಮೆಲ್ಬೋರ್ನಿನಲ್ಲಿ ಕೂಡಿದ ಸಸ್ಯಶಾಸ್ತ್ರಜ್ಞರ ಮಹಾಸಭೆಯು ನಿರ್ಣಯಿಸಿತು. ವರ್ಟಿಸಿಲಿಯಂ ಲೆಕಾನಿ ಎಂಬುದು ೨೦೦೧ರಲ್ಲಿ ಲೆಕಾನಿಸಿಲಿಯಂ ಆಗಿ, ಆಮೇಲೆ ಅಕಾಂತೊಮೈಸಿಸ್ ಆಯಿತು. ನೊಮುರಿಯ ರಿಲೈ ಎಂಬುದು ಮೆಟರೈಜಿಯಂ ರಿಲೈ ಆಯಿತು. ಪೊಟ್ಟಣದ ಚೀಟಿಗಳಲ್ಲಾದರೋ ಹಳೆಯ ಹೆಸರುಗಳು ಉಳಿದುಬಂದಿವೆ. ಹೆಸರು ಬೇರೆಯಾದ ಮಾತ್ರಕ್ಕೆ ಹೊಸ ಔಷಧಿಯೆಂದು ತಿಳಿದು ಎರಡು ಬಾರಿ ಹಣ ಕೊಡುವುದು ತರವಲ್ಲ.

“ಹುಳು ಸತ್ತರೆ ಸಾಕು, ಹೆಸರಿನಿಂದ ನಮಗೇನು?” ಎಂದು ಕೆಲವರು ಕೇಳಬಹುದು. ಅಡಕೆಯ ಕೊಳೆರೋಗವನ್ನು ಅವರು ನೆನೆಯಲಿ. ಮಲೆನಾಡಿನವರು ಅದರ ಹಾವಳಿಯನ್ನು ತಲೆತಲಾಂತರದಿಂದ ಕಂಡಿದ್ದರು. ಮೈಸೂರು ಸಂಸ್ಥಾನದಲ್ಲಿ ಡಾಕ್ಟರ್ ಲೆಸ್ಲಿ ಕೋಲ್ಮನ್ನರು ೧೯೧೦ರಲ್ಲಿ ಅದಕ್ಕೆ ಕಾರಣವಾದ ಜೀವಿಯು ಇಂಥದೇ ಎಂದು ನಿರ್ಣಯಿಸಿ ವಿವರಿಸಿದ ಬಳಿಕ ಬೋರ್ಡೋ ದ್ರಾವಣದ ಸಿಂಪರಣೆಯು ನಂಬಿಕೆಯಿಂದ ನಡೆಯುವಂತಾಯಿತು. ಗುರುತು ಮೊದಲು, ಚಿಕಿತ್ಸೆ ಆಮೇಲೆ; ವೈದ್ಯಕ್ಕೂ ಬೇಸಾಯಕ್ಕೂ ಇದೇ ಕ್ರಮ.

ಗ್ರಾಮದ ಮುಖಂಡರೂ ದೊಡ್ಡ ಹಿಡುವಳಿದಾರರೂ ಈ ವಿಷಯದಲ್ಲಿ ಮಾಡಬಹುದಾದ ಕೆಲಸಗಳು ಇವು:

೧. ರೇಷ್ಮೆ ಸಾಕುವ ಗ್ರಾಮಗಳಲ್ಲಿ, ಹಿಪ್ಪುನೇರಳೆಗೂ ಹುಳುಮನೆಗಳಿಗೂ ಸಮೀಪದಲ್ಲಿ ಹುಳುಬೂಷ್ಟುಗಳನ್ನು ಸಿಂಪಡಿಸುವುದಿಲ್ಲವೆಂದು ಎಲ್ಲರೂ ಕೂಡಿ ಕಟ್ಟುಪಾಡು ಮಾಡಿಕೊಳ್ಳತಕ್ಕದ್ದು. ಒಬ್ಬನು ತಪ್ಪಿದರೂ ಊರಿಗೆ ನಷ್ಟವಾದುದರಿಂದ ಇದು ಒಬ್ಬೊಬ್ಬರ ಇಷ್ಟಕ್ಕೆ ಬಿಡುವ ಸಂಗತಿಯಲ್ಲ.

೨. ಪೊಟ್ಟಣವನ್ನು ಕೊಳ್ಳುವಾಗ ಬೂಷ್ಟಿನ ಜಾತಿ, ಜೀವವುಳ್ಳ ಕಣಗಳ ಪ್ರಮಾಣ, ತಯಾರಾದ ತೇದಿ, ಅವಧಿ ಮುಗಿಯುವ ತೇದಿ ಇವನ್ನು ಓದಿಸಿ ನೋಡತಕ್ಕದ್ದು. ಬಿಸಿಲಿನಲ್ಲಿಟ್ಟ ಪೊಟ್ಟಣದೊಳಗೆ ಜೀವವಿಲ್ಲದ ಹಿಟ್ಟು ಮಾತ್ರ ಉಳಿದಿರಬಹುದು.

೩. ಬೂಷ್ಟುನಾಶಕ ಔಷಧಿಗಳೊಡನೆ ಇವನ್ನು ಬೆರಸಬಾರದು. ಹೊಲದಲ್ಲಿ ತಾನಾಗಿಯೇ ಹುಟ್ಟಿ ಹುಳುಗಳನ್ನು ಕೊಲ್ಲುತ್ತಿರುವ ಬೂಷ್ಟು ಹೇರಳವಾಗಿ ಕಂಡುಬಂದರೆ, ವಿಷವನ್ನು ಸಿಂಪಡಿಸುವುದಕ್ಕೆ ಮುಂಚೆ ಬಲ್ಲವರನ್ನು ಕೇಳತಕ್ಕದ್ದು.

೪. ಬೂಷ್ಟು ಹಿಡಿದು ಸತ್ತ ಹುಳುಗಳನ್ನು ಒಣ ಕಾಗದದ ಪೊಟ್ಟಣದಲ್ಲಿ ಕಟ್ಟಿ, ಊರು, ಪೈರು, ತೇದಿ ಇವನ್ನು ಬರೆದು ಕೃಷಿ ವಿಜ್ಞಾನ ಕೇಂದ್ರಕ್ಕೆ ತಲಪಿಸತಕ್ಕದ್ದು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೆವತು ಕೊಳೆಯುವುದು.

ಇಷ್ಟನ್ನು ರೈತರಿಂದ ಕೇಳಿದ ಮೇಲೆ ಇಲಾಖೆಯ ಕಡೆಯಿಂದಲೂ ಒಂದು ಕರ್ತವ್ಯವುಂಟು. ಪ್ರತಿಯೊಂದು ರೈತ ಸಂಪರ್ಕ ಕೇಂದ್ರದಲ್ಲಿಯೂ ಒಂದು ಸಾಧಾರಣವಾದ ಸೂಕ್ಷ್ಮದರ್ಶಕವೂ ಅದರಲ್ಲಿ ನೋಡಬಲ್ಲ ಒಬ್ಬ ಸಹಾಯಕನೂ ಇರಬೇಕು. ಅದರ ವೆಚ್ಚವು ಕೆಟ್ಟುಹೋಗುವ ಕೆಲವು ರೇಷ್ಮೆಬೆಳೆಗಳ ಬೆಲೆಯ ಮುಂದೆ ಅಲ್ಪವಾದುದು. ಮುಖಂಡರು ಈ ಬೇಡಿಕೆಯನ್ನು ಗ್ರಾಮಸಭೆಗಳಲ್ಲಿ ಮುಂದಿಟ್ಟು, ಈ ಮಳೆಗಾಲದಲ್ಲಿಯೇ ತಮ್ಮ ಊರಿನ ಹೊಲಗಳಿಂದ ನಾಲ್ಕಾರು ಸತ್ತ ಹುಳುಗಳನ್ನು ಕಳುಹಿಸಿ ಕೆಲಸವನ್ನು ಆರಂಭಿಸುವುದು ಒಳ್ಳೆಯದು.