ಕಣ್ಣಿನೊಳಗೆ ಕಸ ಗುಡಿಸುವವರು

ಕಾಮರ್ಸ್‌ನವಳಿಗೆ ರೆಟಿನಾ ಉಸಾಬರಿ ಯಾಕೆ ಎಂದು ಸೈನ್ಸ್ ಸೆಕ್ಷನ್‌ನವರು ನಗಬಹುದು, ನಗಲಿ. ನಮ್ಮ ಎನ್‌ಎಸ್‌ಎಸ್ ಘಟಕ ಇನ್ನು ಮುಂದೆ ಕಣ್ಣಿನ ಶಿಬಿರ ನಡೆಸಿದರೆ ಅದರಲ್ಲಿ ರೆಟಿನಾ ಪರೀಕ್ಷೆಯೂ ಇರಲೇಬೇಕು. ಬೋರ್ಡಿನ ಅಕ್ಷರ ಓದಿಸಿ, ಪೊರೆ ಬಂದಿದೆಯೇ ನೋಡಿ, ಚಷ್ಮಾ ಚೀಟಿ ಕೊಟ್ಟು ಕಳಿಸಿದರೆ ಸಾಲದು.

ರೆಟಿನಾ ಎಂದರೆ ಕಣ್ಣಿನ ಹಿಂಭಾಗದ ತೆಳು ಪದರ. ಅಲ್ಲಿ ಬೆಳಕು ಹಿಡಿಯುವ ಕೋಶಗಳು ಸದಾ ಸವೆಯುತ್ತಿರುತ್ತವೆ. ರಾಡ್ ಎಂಬ ಕೋಶ ತನ್ನ ತುದಿಯ ಸುಮಾರು ಶೇ. 10ರಷ್ಟನ್ನು ದಿನವೂ ಉದುರಿಸಿ, ಬುಡದಿಂದ ಹೊಸದನ್ನು ಬೆಳೆಸಿಕೊಳ್ಳುತ್ತದೆ. 10 ದಿನಕ್ಕೆ ಹಳೇ ಸ್ಟಾಕ್ ಪೂರ್ತಿ ಖಾಲಿ! ಉದುರಿದ್ದನ್ನು ನುಂಗಿ ಜೀರ್ಣಿಸುವವು ಅದರ ಬೆನ್ನಿಗೇ ಇರುವ ಕಪ್ಪು ಬಣ್ಣದ ಒಂದು ಸಾಲು ಕೋಶಗಳು. ಅವಕ್ಕೆ ಆರ್‌ಪಿಇ ಎನ್ನುತ್ತಾರೆ. ನಮ್ಮೂರ ಪೌರಕಾರ್ಮಿಕರಂತೆ ಇವುಗಳ ಕೆಲಸವೂ ಬೆಳಗಿನ ಹೊತ್ತೇ ಜೋರು. 1969ರಲ್ಲಿ ರಿಚರ್ಡ್ ಯಂಗ್ ಮತ್ತು ಡೀನ್ ಬಾಕ್ ಕಪ್ಪೆಯ ಕಣ್ಣಿನಲ್ಲಿ ಇದನ್ನು ತೋರಿಸಿಕೊಟ್ಟರು. ರೆಟಿನಾದ ಒಳಗೆ ಸತ್ತ ಕೋಶಗಳ ಚೂರು ತೆಗೆಯಲು ಮುಲ್ಲರ್ ಕೋಶಗಳೂ ಇವೆ.

ರಾಡ್‌ನ ತುದಿ ಹೊಸದಾಗುತ್ತದೆ, ಗುಡಿಸುವ ಆರ್‌ಪಿಇ ಮಾತ್ರ ಹೊಸದಾಗುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಕೋಶಗಳೇ ಮುಪ್ಪಿನವರೆಗೂ ದುಡಿಯಬೇಕು. ಅಕೌಂಟೆನ್ಸಿಯಲ್ಲಿ ಯಂತ್ರದ ಸವಕಳಿ ಬರೆಯುತ್ತೇವೆ, ಇದಕ್ಕೆ ಬರೆಯುವವರು ಯಾರು? ವಯಸ್ಸಾದಂತೆ ಜೀರ್ಣವಾಗದ ಕಸ ಕೋಶದಲ್ಲೇ ಉಳಿಯುತ್ತದೆ, ಅದರ ಅಡಿಯಲ್ಲೂ ಹಳದಿ ಚುಕ್ಕೆಗಳಾಗಿ ಕೂರುತ್ತದೆ. ಕೆಲವರಿಗೆ ನಟ್ಟನಡುವಿನ ನೋಟವೇ ಹೋಗುತ್ತದೆ. ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಇನ್ನೂ ಹೆಚ್ಚು.

ನಮ್ಮ ದಾದಾ ಗಂಗಾವತಿಯ ಅಕ್ಕಿ ಅಂಗಡಿಯೊಂದರಲ್ಲಿ ಲೆಕ್ಕ ಬರೆದವರು, ಬೀಡಿ ಬಿಟ್ಟವರಲ್ಲ. ಖಾತೆ ಪುಸ್ತಕದ ಗೆರೆಗಳು ಸೊಟ್ಟ ಕಾಣುತ್ತಿವೆ ಎಂದಾಗ ಮನೆಯ ಹಿರಿಯರು 'ಮೋತಿಯಾಬಿಂದ್' ಎಂದರು. ಶಿಬಿರವೊಂದರಲ್ಲಿ ಪೊರೆ ಇನ್ನೂ ಬಲಿತಿಲ್ಲ, ಕಾಯಿರಿ ಎಂದರು. ಒಂದು ವರ್ಷ ಕಾದರು. ಆಮೇಲೆ ಹುಬ್ಬಳ್ಳಿಯಲ್ಲಿ ರೆಟಿನಾ ನೋಡಿದ ಡಾಕ್ಟರು, ಬಲಗಣ್ಣಿನ ನಡು ನೋಟ ಮರಳಿ ಬರುವುದಿಲ್ಲ ಎಂದರು. ಎಡಗಣ್ಣಿಗೆ ಇಂಜೆಕ್ಷನ್ ನಡೆದಿದೆ.

ಪೊರೆಯಾದರೆ ಲೆನ್ಸ್ ಹಾಕುತ್ತಾರೆ. 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕಣ್ಣುಗಳಿಂದ ನಾಲ್ವರಿಗೆ ನೋಟ ಬಂತು. ಆದರೆ ಕಸಿ ಮಾಡಿದ್ದು ಕಣ್ಣಿನ ಮುಂಭಾಗದ ಗಾಜಿನಂಥ ಕಾರ್ನಿಯಾ. ರೆಟಿನಾವನ್ನು ಹಾಗೆ ಬದಲಿಸಲು ಬರುವುದಿಲ್ಲ.

ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡಲು ಸಮಯ ಹಿಡಿಯುತ್ತದೆ, ಸಾಲು ಉದ್ದವಾಗುತ್ತದೆ ಎಂಬ ಆಕ್ಷೇಪ ಸರಿಯೇ. ಹಾಗಾದರೆ ಕಡಿಮೆ ಜನರನ್ನು ನೋಡಲಿ. 50 ದಾಟಿದವರಿಗೆ, ಶುಗರ್ ಇದ್ದವರಿಗೆ ಮೊದಲ ಚೀಟಿ ಸಿಗಲಿ. ವರದಿಯಲ್ಲಿ ಸಂಖ್ಯೆ ಇಳಿದರೆ ಯಾರ ಗಂಟೂ ಹೋಗದು.

ಶಿಬಿರ ಬರುವವರೆಗೆ ನಾವೇ ಒಂದು ಕೆಲಸ ಮಾಡಬಹುದು. ನಮ್ಮೆಲ್ಲರ ಬ್ಯಾಗಿನಲ್ಲಿ ಗ್ರಾಫ್ ಹಾಳೆ ಇದೆ. ನಡುವೆ ಒಂದು ಚುಕ್ಕೆ ಇಟ್ಟು ಮನೆಯ ಹಿರಿಯರ ಮುಂದೆ ಹಿಡಿಯಿರಿ. ಓದುವ ಚಷ್ಮಾ ಹಾಕಿಕೊಂಡು, ಒಂದು ಕಣ್ಣು ಮುಚ್ಚಿ ಚುಕ್ಕೆಯನ್ನೇ ನೋಡಲಿ. ಆಮೇಲೆ ಇನ್ನೊಂದು ಕಣ್ಣು. ಗೆರೆ ಬಾಗಿದರೆ, ನಡುವೆ ಕಲೆ ಕಂಡರೆ, ತಡಮಾಡದೆ ರೆಟಿನಾ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಗೆರೆ ನೆಟ್ಟಗೆ ಕಂಡರೂ ಶುಗರ್ ಇದ್ದವರು ವರ್ಷಕ್ಕೊಮ್ಮೆ ರೆಟಿನಾ ತೋರಿಸಲೇಬೇಕು.