ಕುರ್ಚಿ ಸರಿಸಿ, ಜಮಖಾನೆ ಹಾಸಿ

ಗಡಿಭಾಗದ ನಮ್ಮ ಕನ್ನಡ ಸಮಾರಂಭಗಳಲ್ಲಿ ಈಚಿನ ವರ್ಷಗಳಲ್ಲಿ ಒಂದು ಪದ್ಧತಿ ಬೇರೂರಿದೆ. ದೀಪ ಬೆಳಗುವ ಮೊದಲು ಯಾರೋ ಒಬ್ಬರು ಮೊಬೈಲನ್ನು ಧ್ವನಿವರ್ಧಕಕ್ಕೆ ಜೋಡಿಸುತ್ತಾರೆ. ನಾಡಗೀತೆ ಮೊಳಗುತ್ತದೆ. ನಾವೆಲ್ಲರೂ ಎದ್ದು ನಿಂತು, ಬಾಯಿ ಮುಚ್ಚಿಕೊಂಡು, ಅದು ಮುಗಿಯುವುದನ್ನು ಕಾಯುತ್ತೇವೆ. ಸಂಜೆಗೆ ಹಣ ಕೊಟ್ಟು ಕರೆಸಿದ ವಾದ್ಯವೃಂದ. ಆಗಲೂ ನಾವು ಕುರ್ಚಿಯಲ್ಲಿ ಕುಳಿತ ಕೇಳುಗರೇ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಸೀಮೆಯ ಕನ್ನಡಿಗರಾದ ನಾವು ಇದನ್ನು ಅವರವರ ಅಭಿರುಚಿಯ ವಿಷಯವೆಂದು ಭಾವಿಸಿ ಇಷ್ಟು ದಿನ ಸುಮ್ಮನಿದ್ದೆವು. ಇನ್ನು ಸುಮ್ಮನಿರಲಾರೆವು. ಕೂಡಿ ಹಾಡುವುದು ನಿಂತುಹೋದ ಓಣಿಗಳಲ್ಲಿ ಮನಸ್ಸು ಕುಗ್ಗಿದವರು ಎಲ್ಲಿಗೆ ಹೋಗಬೇಕು? ಸಂಘವನ್ನು ನಾವು ಕೇಳುತ್ತಿರುವುದು ಇದನ್ನೇ.

ನಮ್ಮ ಹಿರಿಯರು ಮನೋಸ್ವಾಸ್ಥ್ಯವೆಂಬ ಪದವನ್ನು ಕೇಳಿದವರಲ್ಲ. ಆದರೆ ಭೀಮಾನದಿಯ ಆಚೆ ಸೀಮೆಯಲ್ಲಿ ಹಲಸಂಗಿಯ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಎಂದು ಅಚ್ಚು ಹಾಕಿಸಿದ ಆ ತ್ರಿಪದಿಗಳನ್ನು ತಿರುವಿ ನೋಡಿದರೆ, ಅವರಿಗೆ ಏನು ಗೊತ್ತಿತ್ತೆಂಬುದು ತಿಳಿಯುತ್ತದೆ. ಅಂಥ ಪದಗಳು ನಮ್ಮ ದಡದ ಬೀಸುಕಲ್ಲುಗಳ ಮುಂದೆಯೂ ಹುಟ್ಟಿದವು. ನಸುಕಿನಲ್ಲಿ ಇಬ್ಬರು ಎದುರುಬದುರು ಕುಳಿತು, ಒಂದೇ ಗೂಟ ಹಿಡಿದು ಜೋಳ ಬೀಸುತ್ತ ಹಾಡುವಾಗ, ತವರಿನ ಹಂಬಲ, ಬಂಜೆಯೆಂಬ ನಿಂದೆ, ತೊಟ್ಟಿಲಲ್ಲಿಯೇ ಹೋದ ಕೂಸಿನ ನೆನಪು ಎಲ್ಲವೂ ನುಡಿಯಾಗಿ ಹೊರಬರುತ್ತಿದ್ದವು. ಅತ್ತೆಯ ಮುಂದೆ ಆಡಲಾಗದ ಮಾತನ್ನು ಕಲ್ಲಿನ ಮುಂದೆ ಹಾಡಬಹುದಿತ್ತು. ಹಾಡಿನಲ್ಲಿ ಬಂದ ದುಃಖವನ್ನು ಯಾರೂ ಕೆದಕಿ ವಿಚಾರಿಸುತ್ತಿರಲಿಲ್ಲ. ಎದುರಿಗಿದ್ದವಳು ಮುಂದಿನ ನುಡಿ ಎತ್ತಿಕೊಳ್ಳುತ್ತಿದ್ದಳು, ಅಷ್ಟೆ. ಹಿಟ್ಟಿನ ಗಿರಣಿ ಬಂತು. ಬರಲೇಬೇಕಿತ್ತು, ನಮ್ಮ ತಾಯಂದಿರ ರಟ್ಟೆ ಬಿದ್ದದ್ದನ್ನು ಕಂಡ ನಮಗೆ ಆ ದುಡಿಮೆ ಮರಳಿ ಬರಲೆಂಬ ಬಯಕೆ ಎಳ್ಳಷ್ಟೂ ಇಲ್ಲ. ಆದರೆ ಕಲ್ಲು ಮೂಲೆ ಸೇರಿದ ದಿನ ಆ ಇಬ್ಬರು ಹೆಂಗಸರ ನಸುಕಿಗೆ ಬದಲಾಗಿ ನಾವು ಕೊಟ್ಟದ್ದೇನು? ದೂರದರ್ಶನದ ಧಾರಾವಾಹಿಯೇ?

ಗಂಡಸರಿಗೆ ಭಜನೆಯಿತ್ತು. ಗುಡಿಯ ಕಟ್ಟೆಯಲ್ಲೋ ಮಠದ ಪಡಸಾಲೆಯಲ್ಲೋ ಏಕತಾರಿ, ದಮ್ಮಡಿ, ತಾಳ, ಪೇಟಿ. ಶಿಶುನಾಳ ಶರೀಫರ, ಕಡಕೋಳ ಮಡಿವಾಳಪ್ಪನವರ ತತ್ವಪದಗಳು. ಮೊಹರಮ್ ಬಂದರೆ ರಿವಾಯತ್ ಪದಗಳು. ಒಬ್ಬನು ಎತ್ತಿಕೊಟ್ಟ ಸೊಲ್ಲನ್ನು ಉಳಿದವರು ಹಿಡಿಯುವ ಈ ಏರ್ಪಾಟಿನಲ್ಲಿ ದನಿ ಚೆನ್ನಾಗಿರಬೇಕಿಲ್ಲ, ಅಕ್ಷರ ಬರಬೇಕಿಲ್ಲ, ತನ್ನ ಕಷ್ಟವನ್ನು ಹೇಳಿಕೊಳ್ಳಲೂ ಬೇಕಿಲ್ಲ; ಬಂದು ಕುಳಿತರೆ ಸಾಕು. ಹೆಣ್ಣುಮಕ್ಕಳನ್ನು ಗೋಡೆಯ ಬದಿಗೆ ಕೂರಿಸಿದ, ಗಂಡ ಸತ್ತವಳನ್ನು ಸೋಬಾನೆಯ ಸಾಲಿನಿಂದ ದೂರವಿಟ್ಟ ತಪ್ಪೂ ಇದೇ ಪರಂಪರೆಯದು. ಅದನ್ನು ಮರೆಮಾಚಿ ಹಳೆಯದನ್ನೆಲ್ಲ ಹೊಗಳುವವರ ಜೊತೆಗೆ ನಾವಿಲ್ಲ.

ನಮ್ಮ ಓಣಿಯ ಭಜನೆಗೆ, ಆ ಗೋಡೆಯ ಬದಿಯ ಪದ್ಧತಿಯನ್ನು ಬಿಟ್ಟ ಮೇಲೆ, ಒಬ್ಬ ತಾಯಿ ಬರತೊಡಗಿದರು. ವಿದ್ಯುತ್ ಮಗ್ಗದಲ್ಲಿ ದುಡಿಯುತ್ತಿದ್ದ ಮಗನನ್ನು ಕಳೆದುಕೊಂಡಿದ್ದರು. ಮನೆಯಲ್ಲಿ ಯಾರೊಡನೆಯೂ ಮಾತಿರಲಿಲ್ಲ. ಮೊದಲ ಐದಾರು ವಾರ ತುಟಿ ತೆರೆಯಲಿಲ್ಲ. ಒಂದು ರಾತ್ರಿ ತಾಳ ಬಾರಿಸುವವರು ಬಂದಿರಲಿಲ್ಲ. ಪಕ್ಕದಲ್ಲಿದ್ದ ಹಿರಿಯರು ‘ಹಿಡಿಯವ್ವಾ’ ಎಂದು ತಾಳವನ್ನು ಅವರ ಕೈಗಿತ್ತರು. ಪೆಟ್ಟು ತಪ್ಪಿತು, ಮತ್ತೆ ಸೇರಿತು. ಮುಂದಿನ ಸೋಮವಾರ ಎಲ್ಲರಿಗಿಂತ ಮೊದಲು ಬಂದು ಜಮಖಾನೆ ಹಾಸಿದವರು ಅವರೇ. ಅವರ ದುಃಖ ಹೋಯಿತೆಂದು ನಾವು ಹೇಳುವುದಿಲ್ಲ. ವಾರಕ್ಕೊಮ್ಮೆ ಹೋಗಲು ಅವರಿಗೊಂದು ಜಾಗವಾಯಿತು, ಹೋಗದಿದ್ದರೆ ‘ಯಾಕ ಬರಲಿಲ್ಲ’ ಎಂದು ಮನೆಯವರೆಗೆ ಬಂದು ಕೇಳುವ ಹತ್ತು ಮಂದಿಯಾದರು.

ವಿಜ್ಞಾನದ ಮುದ್ರೆ ಬೇಕೆನ್ನುವವರೂ ನಮ್ಮ ಕಾರ್ಯಕಾರಿ ಸಮಿತಿಗಳಲ್ಲಿ ಇದ್ದಾರೆ. ಅವರಿಗಾಗಿ ಒಂದು ಸಂಗತಿ. ಇಂಗ್ಲೆಂಡಿನಲ್ಲಿ, ಹೆರಿಗೆಯ ನಂತರದ ಖಿನ್ನತೆಯ ಲಕ್ಷಣಗಳಿದ್ದ 134 ತಾಯಂದಿರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು 10 ವಾರ ಕೂಸುಗಳೊಡನೆ ಕೂಡಿ ಹಾಡಿತು, ಇನ್ನೊಂದು ಕೂಡಿ ಆಟವಾಡಿತು, ಮೂರನೆಯದಕ್ಕೆ ಎಂದಿನ ಆರೈಕೆ ಮಾತ್ರ. ಮೂರೂ ಗುಂಪುಗಳು ಕ್ರಮೇಣ ಸುಧಾರಿಸಿದವು. ಆದರೆ ಲಕ್ಷಣಗಳು ತೀವ್ರವಾಗಿದ್ದವರಲ್ಲಿ, ಎಂದಿನ ಆರೈಕೆ ಪಡೆದವರಿಗಿಂತ ಹಾಡಿದವರು ಬೇಗ ಚೇತರಿಸಿಕೊಂಡರೆಂದು 2018ರಲ್ಲಿ ವರದಿಯಾಯಿತು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 3000ಕ್ಕೂ ಹೆಚ್ಚು ಅಧ್ಯಯನಗಳನ್ನು ಪರಿಶೀಲಿಸಿ, ಆರೋಗ್ಯ ಕಾಪಾಡುವಲ್ಲಿ ಕಲೆಗಳಿಗೆ ಗಣನೀಯ ಪಾತ್ರವಿದೆಯೆಂದಿತು. ಬಾಣಂತಿಯ ಸುತ್ತ ಕುಳಿತು ತೊಟ್ಟಿಲ ಪದ ಹಾಡಿದ ನಮ್ಮ ಅಜ್ಜಿಯರು ಈ ವರದಿಗಾಗಿ ಕಾಯಲಿಲ್ಲ.

ಇಷ್ಟಕ್ಕೇ ‘ಭಜನೆಯಿದ್ದರೆ ಗುಳಿಗೆ ಯಾಕೆ’ ಎನ್ನುವವರೂ ಹುಟ್ಟಿಕೊಂಡಿದ್ದಾರೆ. ಅವರನ್ನು ನಾವು ಕಟುವಾಗಿ ವಿರೋಧಿಸುತ್ತೇವೆ. ನಿದ್ದೆ ಕೆಟ್ಟು, ಊಟ ಬಿಟ್ಟು, ಬದುಕೇ ಬೇಡವೆನ್ನುವವರನ್ನು ಹಾಡಿನ ಹೆಸರಿನಲ್ಲಿ ದವಾಖಾನೆಯಿಂದ ತಪ್ಪಿಸುವುದು ಪಾಪ. 14416 ಎಂಬ ‘ಟೆಲಿ ಮಾನಸ್’ ಉಚಿತ ಸಹಾಯವಾಣಿ 2022ರಿಂದ ನಡೆಯುತ್ತಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಅದರ ಸಂಖ್ಯೆಯನ್ನು ಪ್ರತಿಯೊಂದು ಸಂಘದ ಗೋಡೆಯ ಮೇಲೆ ಬರೆಯಿಸಬೇಕು. ವೈದ್ಯರ ಬಳಿಗೆ ಹೋಗಿಬಂದ ಮೇಲೂ ವಾರದ ಉಳಿದ ದಿನಗಳಿರುತ್ತವೆ. ಹಾಡು ಬೇಕಾಗುವುದು ಆ ದಿನಗಳಿಗೆ.

ಅದು ಕನ್ನಡದ ಹಾಡಾಗಿರಬೇಕು ಎಂಬುದಕ್ಕೂ ಕಾರಣವಿದೆ. ಶಾಲೆ, ಬ್ಯಾಂಕು, ತಹಶೀಲ ಕಚೇರಿ, ದವಾಖಾನೆ, ಎಲ್ಲೆಡೆ ನಮ್ಮದು ಮರಾಠಿಯ ವ್ಯವಹಾರ. ಮರಾಠಿ ನಮಗೆ ಪರಕೀಯವೇನೂ ಆಗಿಲ್ಲ. ಪಂಢರಪುರದ ದಿಂಡಿಗಳಲ್ಲಿ ಅಭಂಗ ಹಾಡಿದವರು ನಮ್ಮಲ್ಲಿಯೂ ಇದ್ದಾರೆ. ಆದರೆ ಅಳು ಬಂದಾಗ ನಾಲಗೆ ಅವ್ವನ ಮಾತಿಗೆ ಹೊರಳುತ್ತದೆ. ಮರಾಠಿ ಮಾಧ್ಯಮದಲ್ಲಿ ಓದುವ ನಮ್ಮ ಮೊಮ್ಮಕ್ಕಳಿಗೆ ಆ ಮಾತೇ ಬಾರದಂತಾದರೆ, ಮನೆಯ ಮುದುಕರು ತಮ್ಮ ಮನೆಯಲ್ಲಿಯೇ ಒಂಟಿಯಾಗುತ್ತಾರೆ. ಕನ್ನಡ ಓದಲು ಬಾರದ ಹುಡುಗನೂ ಅಜ್ಜನ ಪಕ್ಕದಲ್ಲಿ ಕುಳಿತು ಪಲ್ಲವಿಯನ್ನು ಮರುನುಡಿಯಬಲ್ಲ.

ಸಂಘಗಳು ಮಾಡುತ್ತಿರುವುದಾದರೂ ಏನು? ಸಮೂಹಗಾನ ಸ್ಪರ್ಧೆ. ‘ಸಮೂಹ’ವೂ ಬೇಕು, ‘ಸ್ಪರ್ಧೆ’ಯೂ ಬೇಕು! ಒಂದು ವರ್ಷ ನಮ್ಮ ಕಣ್ಣೆದುರಿಗೇ, ಶ್ರುತಿ ಸೇರದ ಹುಡುಗಿಯೊಬ್ಬಳಿಗೆ ಸಾಲಿನ ಕೊನೆಯಲ್ಲಿ ನಿಂತು ಬರಿಯ ತುಟಿ ಆಡಿಸಲು ಹೇಳಿದರು. ತಂಡಕ್ಕೆ ಎರಡನೆಯ ಬಹುಮಾನ ಬಂತು. ಆ ಹುಡುಗಿ ಮರುವರ್ಷ ಬರಲಿಲ್ಲ. ಬಹುಮಾನದ ಆ ಬಟ್ಟಲು ಯಾರ ಮನೆಯ ಕಪಾಟಿನಲ್ಲಿದೆಯೋ ತಿಳಿಯದು.

ಸಾಹಿತ್ಯ ಸಮ್ಮೇಳನದಲ್ಲಿ ಭಜನೆಯ ಮಾತೇಕೆ ಎಂದು ಮೂಗು ಮುರಿಯುವವರಿಗೆ ನಾವು ಹೆಚ್ಚು ಹೇಳುವುದಿಲ್ಲ. ತ್ರಿಪದಿಯನ್ನು ಪಠ್ಯಪುಸ್ತಕದಲ್ಲಿ ಮಾತ್ರ ಕಂಡವರ ಮಾತದು. ನಾವು ಸಂಘದ ಬಂಧುಗಳಲ್ಲಿ ಕೇಳುವುದು ಬಹಳ ಕಡಿಮೆ. ವಾದ್ಯವೃಂದಕ್ಕೆ ತೆಗೆದಿಟ್ಟ ಹಣದಲ್ಲಿ ಒಂದು ಪಾಲು. ವಾರಕ್ಕೆ ಒಂದು ಗಂಟೆ ಭವನದ ಬಾಗಿಲು ತೆರೆಯಲಿ. ಬೀಡಿ ಕಟ್ಟುವ, ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಯಾವ ಹೊತ್ತು ಹೊಂದುತ್ತದೆಂದು ಅವರನ್ನೇ ಕೇಳಿ ಗೊತ್ತುಮಾಡಲಿ. ಧ್ವನಿವರ್ಧಕ ಬೇಡ, ತೀರ್ಪುಗಾರರು ಬೇಡ, ವೇದಿಕೆಯೂ ಬೇಡ. ಜಾತಿ ಕೇಳಬಾರದು, ಕುಂಕುಮ ನೋಡಬಾರದು, ದನಿ ಒಡೆದವರನ್ನು ಹಿಂದಕ್ಕೆ ಸರಿಸಬಾರದು. ಈ ಸಮ್ಮೇಳನದ ನಾಡಗೀತೆಯನ್ನಾದರೂ ಮೊಬೈಲು ಬಂದ್ ಮಾಡಿ ನಮ್ಮ ಬಾಯಿಂದಲೇ ಹಾಡೋಣ, ತಪ್ಪಿದರೆ ತಪ್ಪಲಿ.

ಭವನದ ಹಿಂದಿನ ಕೋಣೆಯಲ್ಲಿ ಸಂಘದ ಹಳೆಯ ಪೇಟಿಯೊಂದಿದೆ. ಎರಡು ಮನೆಗಳು ನುಡಿಯುವುದಿಲ್ಲ, ತಿದಿಯಲ್ಲಿ ಗಾಳಿ ಸೋರುತ್ತದೆ, ಉಳಿದಂತೆ ಸರಿಯಾಗಿದೆ. ಆ ಕೋಣೆಯ ಕೀಲಿಕೈ ಖಜಾಂಚಿಯವರ ಬಳಿ ಇದೆ.