‘ಅಲ್ಲಿ ಏನೇನ್ ತಿಂತಿದ್ಯೋ ಏನೋ’: ಪ್ರಾಸ್ಟೇಟ್ ಕ್ಯಾನ್ಸರ್ ಮತ್ತು ನಮ್ಮ ತಟ್ಟೆ

ಈ ಸಂಚಿಕೆಯಲ್ಲಿ ಅತಿಥಿಗಳಿಲ್ಲ, ಸಂದರ್ಶನ ಇಲ್ಲ, ನಾನೊಬ್ಬನೇ ಮಾತಾಡ್ತಿದೀನಿ. ಹಾಗಾಗಿ ಇದನ್ನ ನನ್ನ ಅಭಿಪ್ರಾಯ ಅಂತಲೇ ಕೇಳಿ. ಅಂಕಿ-ಸಂಖ್ಯೆಗಳು ಮಾತ್ರ ನನ್ನವಲ್ಲ, ಅಧ್ಯಯನಗಳವು.

ಈ ಸಲದ ಯುಗಾದಿ ಊಟ ನಮಗೆ ಆಮ್‌ಸ್ಟೆಲ್‌ವೇನ್‌ನಲ್ಲಿ, ಸ್ನೇಹಿತರ ಮನೆಯಲ್ಲಿತ್ತು. ಒಬ್ಬಟ್ಟಿನ ಮೇಲೆ ಒಂದು ಸೌಟು ಹಾಲು ಸುರಿದುಕೊಳ್ಳದೆ ತಿಂದವರೇ ಅಲ್ಲ ಆ ಮನುಷ್ಯ. ಅವತ್ತು ಮಾತ್ರ ‘ಹಾಲು ಬೇಡ’ ಅಂದ್ರು. ಊಟ ಆದಮೇಲೆ ಬಾಲ್ಕನಿಗೆ ಕರೆದುಕೊಂಡು ಹೋಗಿ ವಿಷಯ ಹೇಳಿದ್ರು. ವಯಸ್ಸು ಐವತ್ತಾರು, ಪ್ರಾಸ್ಟೇಟ್ ಕ್ಯಾನ್ಸರ್ ಪತ್ತೆಯಾಗಿದೆ. ಬೇಗ ಬೆಳೆಯುವ ಬಗೆ ಅಲ್ಲವಂತೆ. ಸದ್ಯಕ್ಕೆ ಆಪರೇಷನ್ ಬೇಡ, ಆಗಾಗ ಪರೀಕ್ಷೆ ಮಾಡ್ತಾ ಕಣ್ಣಿಟ್ಟಿರೋಣ ಅಂತ ಡಾಕ್ಟರು ಹೇಳಿದ್ದಾರೆ. (ಇದನ್ನೆಲ್ಲ ಅವರ ಒಪ್ಪಿಗೆ ಪಡೆದೇ ಹೇಳ್ತಿದೀನಿ. ಹೆಸರು ಬೇಡ.)

ಹಾಸನದಲ್ಲಿರೋ ಅಕ್ಕನಿಗೆ ಫೋನ್ ಮಾಡಿದಾಗ ಆಕೆ ಕೇಳಿದ ಮೊದಲ ಮಾತು: ‘ಅಲ್ವೋ, ಅಲ್ಲಿ ಏನೇನ್ ತಿಂತಿದ್ಯೋ ಏನೋ!’ ಪ್ರೀತಿಯಿಂದಲೇ ಕೇಳಿದ್ದು. ಆದರೆ ಆ ಮಾತು ಇವರ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತ್ತು. ಈ ದೇಶಕ್ಕೆ ಬಂದು ಇಪ್ಪತ್ತು ವರ್ಷದಲ್ಲಿ ಎಷ್ಟು ಚೀಸ್ ತಿಂದೆ, ಆಫೀಸಿನ ಕ್ಯಾಂಟೀನಲ್ಲಿ ಎಷ್ಟು ಲೋಟ ಹಾಲು, ಮಜ್ಜಿಗೆ ಕುಡಿದೆ ಅಂತ ಕೂತು ಲೆಕ್ಕ ಹಾಕ್ತಿದ್ರು. ಹಾಲು ಬಿಟ್ಟಿದ್ರು, ಅಗಸೆ ಬೀಜ ಶುರು ಮಾಡಿದ್ರು, ದಿನಾ ಟೊಮೆಟೊ. ಅಂಗಡಿಯಿಂದ ಸೆಲೆನಿಯಂ ಮಾತ್ರೆಯ ಬಾಟಲಿ ಬೇರೆ ತಂದಿಟ್ಟಿದ್ರು. ‘ನೀನು ವಿಜ್ಞಾನದ ಪಾಡ್‌ಕಾಸ್ಟ್ ಮಾಡ್ತೀಯಲ್ಲ, ಹೇಳು, ನಾನು ಏನು ತಪ್ಪು ತಿಂದೆ?’

ನನ್ನ ಉತ್ತರ ಮೊದಲೇ ಹೇಳಿಬಿಡ್ತೀನಿ: ನಿಮ್ಮ ಕ್ಯಾನ್ಸರನ್ನು ನಿಮ್ಮ ತಟ್ಟೆಗೆ ಕಟ್ಟೋಕೆ ಯಾರ ಹತ್ತಿರವೂ ಪುರಾವೆ ಇಲ್ಲ. ತಮಾಷೆ ಅಂದ್ರೆ, ಆ ಪುರಾವೆಯನ್ನ ಜಗತ್ತಿನಲ್ಲೇ ಶ್ರದ್ಧೆಯಿಂದ ಹುಡುಕಿದ ದೇಶಗಳಲ್ಲಿ ಒಂದು ಇದೇ ನೆದರ್ಲೆಂಡ್ಸ್.

ಮೊದಲು ಎರಡು ಮಾತಲ್ಲಿ ಈ ಪ್ರಾಸ್ಟೇಟ್ ಅಂದ್ರೇನು ಅಂತ. ಗಂಡಸರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತಿಕೊಂಡು, ಸುಲಿಯದ ಅಡಿಕೆಕಾಯಿ ಗಾತ್ರದ ಒಂದು ಗ್ರಂಥಿ ಇರುತ್ತೆ. ವಯಸ್ಸಾದ ಹಾಗೆ ಅದು ಊದಿಕೊಂಡು ರಾತ್ರಿ ನಾಲ್ಕು ಸಲ ಎಬ್ಬಿಸುತ್ತಲ್ಲ, ಅದು ಬೇರೆ, ಅದು ಕ್ಯಾನ್ಸರ್ ಅಲ್ಲ. ಕ್ಯಾನ್ಸರ್ ಬಂದಾಗ ಶುರುವಿನಲ್ಲಿ ಸಾಮಾನ್ಯವಾಗಿ ಯಾವ ಲಕ್ಷಣವೂ ಇರೋದಿಲ್ಲ.

ಈಗ 1986ಕ್ಕೆ ಹೋಗೋಣ. ಮಾಸ್ಟ್ರಿಖ್ಟ್ ವಿಶ್ವವಿದ್ಯಾಲಯ ಮತ್ತು ಟಿಎನ್‌ಒ ಸಂಸ್ಥೆಯ ಸಂಶೋಧಕರು ಈ ದೇಶದ 204 ಪುರಸಭೆಗಳಿಂದ 55ರಿಂದ 69 ವಯಸ್ಸಿನ 1,20,852 ಜನರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡರು. ಅದರಲ್ಲಿ ಗಂಡಸರು 58,279. ಪ್ರತಿಯೊಬ್ಬರೂ ತಾವು ಏನು ತಿಂತೀವಿ, ಎಷ್ಟು ತಿಂತೀವಿ ಅಂತ ದೊಡ್ಡದೊಂದು ಪ್ರಶ್ನಾವಳಿ ತುಂಬಿ ಕಳಿಸಿದರು. ಜೊತೆಗೆ, ಇದು ನನಗೆ ಬಹಳ ಇಷ್ಟವಾದ ವಿವರ, ಬಹುಪಾಲು ಜನ ಕಾಲ್ಬೆರಳ ಉಗುರು ಕತ್ತರಿಸಿ ಲಕೋಟೆಯಲ್ಲಿಟ್ಟು ಅಂಚೆಗೆ ಹಾಕಿದರು! ಯಾಕೆ ಅಂದ್ರೆ ಉಗುರು ನಿಧಾನವಾಗಿ ಬೆಳೆಯುತ್ತೆ. ಕೆಲವು ತಿಂಗಳ ಊಟದಲ್ಲಿದ್ದ ಸೆಲೆನಿಯಂನಂಥ ಖನಿಜದ ಲೆಕ್ಕ ಅದರಲ್ಲಿ ಉಳಿದಿರುತ್ತೆ. ನಾವು ಪ್ರಶ್ನಾವಳಿಯಲ್ಲಿ ಸುಳ್ಳು ಬರೆಯಬಹುದು, ಉಗುರು ಬರೆಯಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಊಟದ ಪ್ರಶ್ನೆ ಕೇಳಿದ್ದು ಕಾಯಿಲೆ ಬರೋದಕ್ಕೆ ಮುಂಚೆ. ಆಮೇಲೆ ವರ್ಷಗಟ್ಟಲೆ, ಯಾರಿಗೆ ಯಾವ ಕ್ಯಾನ್ಸರ್ ಬಂತು ಅಂತ ನೋಂದಣಿಯಲ್ಲಿ ನೋಡ್ತಾ ಹೋದರು. ಕಾಯಿಲೆ ಬಂದಮೇಲೆ ಕೇಳಿದ್ರೆ ಏನಾಗುತ್ತೆ? ನನ್ನ ಸ್ನೇಹಿತರು ಮಾಡ್ತಿದ್ದದ್ದೇ ಆಗುತ್ತೆ. ಮನುಷ್ಯ ಕಾರಣ ಹುಡುಕ್ತಾನೆ, ತಿಂದದ್ದೆಲ್ಲ ದೊಡ್ಡದಾಗಿ ನೆನಪಾಗುತ್ತೆ. ಆರೋಗ್ಯವಾಗಿರೋ ಪಕ್ಕದ ಮನೆಯವನೂ ಅಷ್ಟೇ ಚೀಸ್ ತಿಂದಿರ್ತಾನೆ, ಆದರೆ ಅವನು ಲೆಕ್ಕ ಇಟ್ಟಿರೋದಿಲ್ಲ.

ಸರಿ, ಏನು ಸಿಕ್ತು? 1998, 1999ರಲ್ಲಿ ಪ್ರಾಸ್ಟೇಟ್ ಬಗ್ಗೆ ಮೊದಲ ಫಲಿತಾಂಶಗಳು ಬಂದವು. ಒಟ್ಟಾರೆ ತರಕಾರಿ, ಹಣ್ಣಿಗೂ ಈ ಕ್ಯಾನ್ಸರಿಗೂ ಹೇಳಿಕೊಳ್ಳುವಂಥ ನಂಟು ಕಾಣಲಿಲ್ಲ. ತಾಜಾ ಮಾಂಸ, ಮೀನು, ಮೊಟ್ಟೆ, ಅಷ್ಟೇ ಅಲ್ಲ, ಚೀಸ್ ಕೂಡ ನಿರ್ದೋಷಿ. ಉಪ್ಪು ಹಾಕಿ ಸಂಸ್ಕರಿಸಿದ ಮಾಂಸ ಮತ್ತು ಹಾಲಿನ ಪದಾರ್ಥಗಳ ವಿಷಯದಲ್ಲಿ ಮಾತ್ರ ಸ್ವಲ್ಪ ಏರುವ ಒಲವು ಕಂಡಿತು. ಹಾಲಿನ ಬಗ್ಗೆ ಬೇರೆ ದೇಶಗಳ ಅಧ್ಯಯನಗಳಲ್ಲೂ ಇಂಥ ಸುಳಿವು ಇದೆ. ಆದರೆ ಎಲ್ಲವನ್ನೂ ತೂಗಿ ನೋಡಿದ ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ 2014ರ ವರದಿಯಲ್ಲಿ ಅದನ್ನ ‘ಸೀಮಿತ ಪುರಾವೆ’ ಅನ್ನೋ ಸಾಲಿಗೇ ಸೇರಿಸಿತು. ಅದರ ಬಲದ ಮೇಲೆ ಒಬ್ಬಟ್ಟಿನ ಹಾಲು ತಪ್ಪಿಸೋದು ನ್ಯಾಯ ಅಲ್ಲ ಅನ್ನೋದು ನನ್ನ ತೀರ್ಮಾನ.

ಮಾಸ್ಟ್ರಿಖ್ಟ್‌ನವರು 1944-45ರ ಚಳಿಗಾಲದ ಕ್ಷಾಮವನ್ನೂ ಕೆದಕಿದರು. ಇಲ್ಲಿನ ಅಜ್ಜ-ಅಜ್ಜಿಯರು ಟ್ಯುಲಿಪ್ ಗೆಡ್ಡೆ ಬೇಯಿಸಿ ತಿಂದ ವರ್ಷ ಅದು. ಎಳೆವಯಸ್ಸಲ್ಲಿ ಹಸಿದವರಿಗೆ ಈ ಕ್ಯಾನ್ಸರ್ ಕಡಿಮೆ ಇರಬಹುದೇನೋ ಅಂತ ಊಹೆ. ಹಾಗೇನೂ ಕಾಣಲಿಲ್ಲ.

ಇನ್ನು ಉಗುರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಉಗುರಲ್ಲಿ ಸೆಲೆನಿಯಂ ಜಾಸ್ತಿ ಇದ್ದ ಗಂಡಸರಲ್ಲಿ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರ್ ಸಾಕಷ್ಟು ಕಡಿಮೆ ಇತ್ತು. ನೋಡಿ, ಇಂಥ ಸುದ್ದಿ ಓದಿದ ತಕ್ಷಣ ಕೈ ಮಾತ್ರೆ ಬಾಟಲಿಯ ಕಡೆ ಹೋಗುತ್ತೆ. ಆದರೆ ಆ ಮಾತ್ರೆಯ ಪರೀಕ್ಷೆ ಅಷ್ಟೊತ್ತಿಗಾಗಲೇ ಅಮೆರಿಕದಲ್ಲಿ ಮುಗಿದಿತ್ತು. 2001ರಲ್ಲಿ ಶುರುವಾದ ‘ಸೆಲೆಕ್ಟ್’ ಅನ್ನೋ ಪ್ರಯೋಗದಲ್ಲಿ 35,533 ಗಂಡಸರಿಗೆ ಸೆಲೆನಿಯಂ, ವಿಟಮಿನ್ ಇ, ಎರಡೂ, ಅಥವಾ ಬರೀ ಹುಸಿಮಾತ್ರೆ ಕೊಟ್ಟರು. ಏನೂ ಪ್ರಯೋಜನ ಕಾಣದೆ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರ ಹೊತ್ತಿಗೆ ಇನ್ನೂ ಕೆಟ್ಟ ಸುದ್ದಿ ಬಂತು. ವಿಟಮಿನ್ ಇ ತಗೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಜಾಸ್ತಿ. ಏಳು ವರ್ಷದಲ್ಲಿ, ಸಾವಿರ ಜನರಲ್ಲಿ ಹುಸಿಮಾತ್ರೆಯವರ ಪೈಕಿ 65 ಮಂದಿಗೆ ಬಂದರೆ, ವಿಟಮಿನ್ ಇ ಪೈಕಿ 76 ಮಂದಿಗೆ. ದೇಹದಲ್ಲಿ ಮೊದಲೇ ಸಾಕಷ್ಟು ಸೆಲೆನಿಯಂ ಇದ್ದವರಿಗೆ ಆ ಮಾತ್ರೆಯಿಂದ ಉಗ್ರ ಬಗೆಯ ಕ್ಯಾನ್ಸರಿನ ಅಪಾಯ ಹೆಚ್ಚಿತು ಅಂತ 2014ರಲ್ಲಿ ಗೊತ್ತಾಯ್ತು. ಒಳ್ಳೇದಾಗ್ಲಿ ಅಂತ ಮಾತ್ರೆ ನುಂಗಿದವರಿಗೆ ಬಂದ ಫಲ ಇದು. ಆ ಬಾಟಲಿ ನಾನೇ ಎತ್ತಿ ಪಕ್ಕಕ್ಕಿಟ್ಟೆ, ಡಾಕ್ಟರನ್ನ ಕೇಳದೆ ಮುಟ್ಟಬೇಡಿ ಅಂದೆ.

ಟೊಮೆಟೊ ಕಥೆನೂ ಹೆಚ್ಚುಕಡಿಮೆ ಹೀಗೇ. 1995ರಲ್ಲಿ ಹಾರ್ವರ್ಡ್‌ನವರು ಟೊಮೆಟೊ, ಅದರಲ್ಲೂ ಬೇಯಿಸಿದ ಟೊಮೆಟೊ ತಿನ್ನೋರಿಗೆ ಅಪಾಯ ಕಡಿಮೆ ಅಂದರು. ನಮ್ಮ ತಿಳಿಸಾರಿಗೆ ಎಂಥ ಗೌರವ ಅಂತ ನಾನೂ ಹಿಗ್ಗಿದ್ದೆ. ಆಮೇಲಿನ ಅಧ್ಯಯನಗಳು ಅದನ್ನ ಎತ್ತಿಹಿಡಿಯಲಿಲ್ಲ. 2007ರಲ್ಲಿ ‘ಸಂಭವನೀಯ’ ಅಂದಿದ್ದ ಅದೇ ನಿಧಿ 2014ರಲ್ಲಿ ‘ಏನೂ ಹೇಳೋಕಾಗಲ್ಲ’ ಅಂತ ಹಿಂದೆ ಸರಿಯಿತು. ಸರಿ, ಕಾಯಿಲೆ ಬಂದಮೇಲೆ ತರಕಾರಿ ತಿಂದರೆ? ನನ್ನ ಸ್ನೇಹಿತರಂಥವರ ಮೇಲೆಯೇ, ಅಂದ್ರೆ ಚಿಕಿತ್ಸೆಯಿಲ್ಲದೆ ಕಣ್ಣಿಟ್ಟಿರುವ 478 ಜನರ ಮೇಲೆ, ಅಮೆರಿಕದಲ್ಲಿ ಪ್ರಯೋಗ ನಡೆದು 2020ರಲ್ಲಿ ಪ್ರಕಟವಾಯ್ತು. ದಿನಕ್ಕೆ ಏಳು ಪಾಲು ತರಕಾರಿ ತಿನ್ನಿ ಅಂತ ಫೋನ್ ಮೇಲೆ ಫೋನ್ ಮಾಡಿ ಪ್ರೋತ್ಸಾಹಿಸಿದರು. ಎರಡು ವರ್ಷದಲ್ಲಿ ಕ್ಯಾನ್ಸರ್ ಮುಂದುವರಿಯೋದರಲ್ಲಿ ವ್ಯತ್ಯಾಸ ಆಗಲಿಲ್ಲ.

ಹಾಗಾದ್ರೆ ಏನು ಬೇಕಾದ್ರೂ ತಿನ್ನಬಹುದಾ? ಇಲ್ಲಪ್ಪ, ನಾನು ಹಾಗೆ ಹೇಳ್ತಿಲ್ಲ. ಅದೇ 2014ರ ವರದಿ ಒಂದು ಮಾತನ್ನು ಗಟ್ಟಿಯಾಗಿ ಹೇಳುತ್ತೆ: ಮೈಯಲ್ಲಿ ಕೊಬ್ಬು ಹೆಚ್ಚಾದರೆ ಮುಂದುವರಿದ ಹಂತದ ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಹೆಚ್ಚುತ್ತೆ. ಇನ್ನೂ ದೊಡ್ಡ ಮಾತು ಸಕ್ಕರೆ ಕಾಯಿಲೆ ಮತ್ತು ಹೃದಯದ್ದು. ಆಮ್‌ಸ್ಟರ್‌ಡ್ಯಾಮ್‌ನ ‘ಹೀಲಿಯಸ್’ ಅಧ್ಯಯನದಲ್ಲಿ, ಸುರಿನಾಮ್‌ನಿಂದ ಬಂದ ಭಾರತೀಯ ಮೂಲದವರಲ್ಲಿ ಸಕ್ಕರೆ ಕಾಯಿಲೆ ಡಚ್ಚರಿಗಿಂತ ಹಲವು ಪಟ್ಟು ಜಾಸ್ತಿ ಕಂಡಿದೆ. ಅವರ ಪೂರ್ವಿಕರು ಹೋಗಿದ್ದು ಉತ್ತರ ಭಾರತದಿಂದ, ನಿಜ. ಆದರೆ ನಮ್ಮ ಹೊಟ್ಟೆಯೂ ಆ ಕಡೆಯದೇ: ಕೈಕಾಲು ಸಣ್ಣ, ನಡು ಮುಂದಕ್ಕೆ. ರಾತ್ರಿ ಹತ್ತಕ್ಕೆ ಅನ್ನ, ಶನಿವಾರ ಬೋಂಡ, ಶುಕ್ರವಾರ ಆಫೀಸಿನವರ ಜೊತೆ ಬಿಯರು, ಬಿಟರ್‌ಬಾಲನ್. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದೂ ಕೊನೆಗೆ ಹೃದಯದ ತೊಂದರೆಯಿಂದ ಹೋಗುವವರು ಬಹಳ. ಬಸ್ಸಾರು, ಹುರಳಿಕಟ್ಟು, ಸೈಕಲ್ಲು ಬೇಕಾಗಿರೋದು ಆ ಕಾರಣಕ್ಕೆ. ಅದನ್ನ ‘ಕ್ಯಾನ್ಸರ್ ಮದ್ದು’ ಅಂತ ಮಾರಬೇಡಿ ಅಷ್ಟೆ. ಇನ್ನೊಂದು ಮಾತು, ಹಾರ್ಮೋನ್ ಚಿಕಿತ್ಸೆಯಲ್ಲಿ ಇರೋರಿಗೆ ಮೂಳೆ ಸವೆಯುತ್ತೆ. ಅಂಥವರು ವಾಟ್ಸಾಪ್ ನೋಡಿ ಹಾಲು, ಮೊಸರು ಬಿಟ್ಟರೆ ನಷ್ಟವೇ ಆಗಬಹುದು.

ಈ ‘ಏನ್ ತಿಂದೆ’ ಅನ್ನೋ ಪ್ರಶ್ನೆ ಮೇಲೆ ನನಗೆ ಇಷ್ಟು ಸಿಟ್ಟು ಯಾಕೆ ಅಂದ್ರೆ, ಅದು ಕೇಳಬೇಕಾದ ಪ್ರಶ್ನೆಯನ್ನ ಮರೆಸುತ್ತೆ. ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್‌ನ ಎರಡು ಲಕ್ಷಕ್ಕೂ ಹೆಚ್ಚು ಅವಳಿಗಳ ಅಧ್ಯಯನ 2016ರಲ್ಲಿ ಬಂತು. ಪ್ರಾಸ್ಟೇಟ್ ಕ್ಯಾನ್ಸರಿನ ಅಪಾಯ ಒಬ್ಬರಿಂದೊಬ್ಬರಿಗೆ ಬೇರೆ ಬೇರೆ ಇರುತ್ತಲ್ಲ, ಆ ವ್ಯತ್ಯಾಸದಲ್ಲಿ ಸುಮಾರು ಶೇ. 57 ಅನುವಂಶೀಯ ಅಂತ ಅದರ ಅಂದಾಜು. ಅಪ್ಪನಿಗೋ ಅಣ್ಣತಮ್ಮನಿಗೋ ಬಂದಿದ್ದರೆ ನಮ್ಮ ಅಪಾಯ ಸುಮಾರು ಎರಡು ಪಟ್ಟು. ತಾಯಿ ಕಡೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಇದ್ದರೂ ಲೆಕ್ಕಕ್ಕೆ ಬರುತ್ತೆ, ಬಿಆರ್‌ಸಿಎ2 ಅನ್ನೋ ಜೀನ್ ಗಂಡುಮಕ್ಕಳಿಗೂ ಬರುತ್ತೆ. ಆದರೆ ನಮ್ಮ ಮನೆಗಳಲ್ಲಿ ಇದನ್ನ ಹೇಳ್ತಾರಾ? ‘ನಿಮ್ಮಪ್ಪನಿಗೆ ಏನಾಗಿತ್ತು?’ ಅಂತ ನಾನು ಕೇಳಿದಾಗ ಸ್ನೇಹಿತರು, ‘ಸೊಂಟ ನೋವು ಅಂತ ಮಲಗಿದ್ರು, ಎದ್ದೇಳಲಿಲ್ಲ’ ಅಂದರು. ಪ್ರಾಸ್ಟೇಟ್ ಕ್ಯಾನ್ಸರ್ ಹರಡುವುದು ಹೆಚ್ಚಾಗಿ ಮೂಳೆಗೆ, ಅದರಲ್ಲೂ ಬೆನ್ನುಮೂಳೆ, ಸೊಂಟಕ್ಕೆ. ಅಕ್ಕನನ್ನೇ ಮತ್ತೆ ಕೇಳಿಸಿದೆ. ಎರಡು ದಿನ ಬಿಟ್ಟು ಆಕೆ ಹೇಳಿದ್ರಂತೆ: ‘ಡಾಕ್ಟ್ರು ಆ ಗ್ರಂಥಿದೇ ಅಂದಿದ್ರು ಕಣೋ. ಅಮ್ಮ ಯಾರಿಗೂ ಹೇಳ್ಬೇಡ ಅಂದಿದ್ಲು.’

ಅಪ್ಪ, ಈಗ ಮಗ. ಹಾಸನದಲ್ಲಿ ತಮ್ಮ ಇದ್ದಾನೆ, ನಲವತ್ತೊಂಬತ್ತು.

ಎಲ್ಲರೂ ನಾಳೆಯೇ ಪಿಎಸ್‌ಎ ರಕ್ತಪರೀಕ್ಷೆಗೆ ಓಡಿ ಅಂತ ನಾನು ಹೇಳಲ್ಲ. ರಾಟರ್‌ಡ್ಯಾಮ್‌ನ ಎರಾಸ್ಮಸ್ ವೈದ್ಯಕೀಯ ಕೇಂದ್ರ ಮುನ್ನಡೆಸಿದ ಯುರೋಪಿನ ದೊಡ್ಡ ಪ್ರಯೋಗ ಅದರ ಲಾಭ-ನಷ್ಟ ಎರಡನ್ನೂ ತೋರಿಸಿದೆ. 2025ರಲ್ಲಿ ಬಂದ 23 ವರ್ಷಗಳ ಲೆಕ್ಕದಲ್ಲಿ, ಪರೀಕ್ಷೆಗೆ ಕರೆದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ. 13 ಕಡಿಮೆ. ಅಂದ್ರೆ 456 ಜನರನ್ನು ಕರೆದರೆ ಒಂದು ಸಾವು ತಪ್ಪುತ್ತೆ. ಆದರೆ ಆ ಒಂದಕ್ಕೆ ಹೆಚ್ಚುವರಿಯಾಗಿ 12 ಜನ ‘ನಿಮಗೆ ಕ್ಯಾನ್ಸರ್’ ಅಂತ ಕೇಳಿಸಿಕೊಳ್ಳಬೇಕು. ಅದರಲ್ಲಿ ಹಲವರಿಗೆ ಅದು ಎಂದೂ ತೊಂದರೆ ಕೊಡದೆ ಇರಬಹುದಿತ್ತು. ಹಾಗಾಗಿ ಇಲ್ಲಿ ಸರ್ಕಾರ ಎಲ್ಲರನ್ನೂ ಪರೀಕ್ಷೆಗೆ ಕರೆಯೋದಿಲ್ಲ, ನಾವೇ ಹೌಸಾರ್ಟ್ಸ್ ಹತ್ತಿರ, ಅಂದ್ರೆ ಕುಟುಂಬ ವೈದ್ಯರ ಹತ್ತಿರ, ಹೋಗಿ ಬಾಯಿಬಿಟ್ಟು ಕೇಳಬೇಕು. ಏನು ಹೇಳಿದ್ರೂ ಪ್ಯಾರಾಸಿಟಮಾಲ್ ಕೊಡ್ತಾರೆ ಅಂತ ಅವರ ಬಗ್ಗೆ ನಾವೆಲ್ಲ ನಗ್ತೀವಿ, ಇರಲಿ. ‘ನಮ್ಮಪ್ಪನಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಇತ್ತು’ ಅನ್ನೋ ಒಂದು ವಾಕ್ಯ ಆ ಹತ್ತು ನಿಮಿಷದ ಮಾತುಕತೆಯನ್ನೇ ಬದಲಾಯಿಸುತ್ತೆ. ಆ ವಾಕ್ಯ ಹೇಳೋಕೆ ಮೊದಲು ಅದು ಗೊತ್ತಿರಬೇಕಲ್ಲ!

ಸ್ನೇಹಿತರು ತಮ್ಮನಿಗೆ ತಾವೇ ಫೋನ್ ಮಾಡಿದರು. ಅಪ್ಪನ ವಿಷಯ, ತಮ್ಮ ವಿಷಯ ಎರಡನ್ನೂ ಹೇಳಿದರಂತೆ. ಅವನು ತುಂಬ ಹೊತ್ತು ಸುಮ್ಮನಿದ್ದು, ‘ಅಣ್ಣ, ನಾನು ಬೆಲ್ಲದ ಕಾಫಿ ಕುಡಿಯೋದು, ನಂಗೇನಾಗುತ್ತೆ’ ಅಂದನಂತೆ. ಆದರೂ ಕಳೆದ ಗುರುವಾರ ಹೋಗಿ ರಕ್ತ ಕೊಟ್ಟು ಬಂದಿದ್ದಾನೆ. ರಿಪೋರ್ಟು ಇನ್ನೂ ಬಂದಿಲ್ಲ.